ದತ್ತು ಮಗಳಿಗೆ ಒಂದು ಕಥೆ, ಪೋಷಕತ್ವದಲ್ಲಿ ಬರುವ ಹುಡುಗನಿಗೆ ಇನ್ನೊಂದು: ಹೇಗೆ ಹೇಳಬೇಕು?

ತೀರ್ಥಹಳ್ಳಿಯ ತಾಯಿ

ಎಲ್ಲರಿಗೂ ನಮಸ್ಕಾರ. ಹನ್ನೊಂದು ತಿಂಗಳ ಕೂಸಾಗಿದ್ದಾಗ ನಾವು ದತ್ತು ಪಡೆದ ಮಗಳಿಗೆ ಈಗ ಐದೂವರೆ ವರ್ಷ. ದತ್ತಿನ ಸಂಗತಿಯನ್ನು ಮುಚ್ಚಿಟ್ಟಿಲ್ಲವಾದರೂ ‘ನೀನು ನಮ್ಮ ಮನೆಗೆ ಬಂದ ದಿನ’ ಎಂಬ ಮಾತಿನಿಂದ ಹಿಂದಕ್ಕೆ ನಾವು ಹೋಗಿಲ್ಲ. ಕಳೆದ ವಾರ ಪಕ್ಕದ ಮನೆಯ ಅಜ್ಜಿ ತಮಾಷೆಗೆ, ‘ನಿನ್ನನ್ನು ತುಂಗೆಯ ಮರಳಿನಲ್ಲಿ ಹೆಕ್ಕಿಕೊಂಡು ಬಂದದ್ದು’ ಎಂದರಂತೆ. ಹೆತ್ತ ಮಕ್ಕಳಿಗೂ ಹೀಗೆ ಹೇಳಿ ಅಳಿಸುವುದು ನಮ್ಮ ಕಡೆ ಇದ್ದದ್ದೇ. ಆದರೆ ಇವಳು ಅಳಲಿಲ್ಲ. ರಾತ್ರಿ ಮಲಗಿದ ಮೇಲೆ ‘ಮರಳು ತಣ್ಣಗಿತ್ತಾ ಅಮ್ಮಾ?’ ಎಂದು ಕೇಳಿದಳು.

ಇದರ ನಡುವೆ, ಶಿವಮೊಗ್ಗದ ನನ್ನ ಅಕ್ಕನ ಮನೆಗೆ ಎಂಟು ವರ್ಷದ ಹುಡುಗನೊಬ್ಬ ಪೋಷಕತ್ವದಲ್ಲಿ, ಅಂದರೆ ದತ್ತಾಗಿ ಅಲ್ಲ, ಸದ್ಯಕ್ಕೆ ಸಾಕಿಕೊಳ್ಳಲು, ಬರಲಿದ್ದಾನೆ. ಅವನು ಮುಂದೆ ತನ್ನ ತಾಯಿಯ ಬಳಿಗೆ ಹೋಗಬಹುದು ಎಂದದ್ದೇ ತಡ, ‘ನಾನು ಯಾವಾಗ ಹೋಗಬೇಕು?’ ಎಂದಳು ಮಗಳು. ಈ ಎರಡನ್ನೂ ಕಥೆಯಾಗಿ ಹೇಳಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಸಾಗರದ ನಿವೃತ್ತ ಶಿಕ್ಷಕಿ

ನಮಗೆ ಮೊದಲು ನೆನಪಾಗುವುದು ಯಶೋದೆ. ಆದರೆ ಕೃಷ್ಣ ಕೊನೆಗೆ ಗೋಕುಲವನ್ನು ಬಿಟ್ಟು ಮಥುರೆಗೆ ಹೋಗುತ್ತಾನೆ, ಆದ್ದರಿಂದ ನಿಮ್ಮ ಮಗಳಿಗೆ ಈಗಲೇ ಆ ಕಥೆ ಬೇಡ. ಸೀತೆಯ ಕಥೆ ಸರಳವೆನಿಸಿದರೂ ನೇಗಿಲಿನ ಗೆರೆಯಲ್ಲಿ ಸಿಕ್ಕ ಮಗುವಿಗೆ ಹೆತ್ತವಳೇ ಇಲ್ಲ. ಅದು ಅಜ್ಜಿಯ ಮರಳಿನ ಮಾತಿಗೇ ಮರಳುತ್ತದೆ. ಕರ್ಣನ ಪೆಟ್ಟಿಗೆಯನ್ನಂತೂ ಹತ್ತು ವರ್ಷ ತುಂಬುವವರೆಗೆ ತೆರೆಯದಿರುವುದೇ ಮೇಲು. ಕಾಗೆಯ ಗೂಡಿನ ಕೋಗಿಲೆಮರಿಯನ್ನು ಕೆಲವರು ಹೇಳುತ್ತಾರೆ, ಆದರೆ ಅಲ್ಲಿ ಕಾಗೆ ಮೋಸಹೋದದ್ದು. ದತ್ತು ಪಡೆದವರು ಬಯಸಿ, ಕಾದು ಪಡೆದವರು.

ನಾನೇ ಒಮ್ಮೆ ತರಗತಿಯಲ್ಲಿ ಸಕ್ರೆಬೈಲಿನ ಆನೆ ಬಿಡಾರವನ್ನು ಇಟ್ಟುಕೊಂಡು, ತಾಯಿಯಿಲ್ಲದ ಮರಿಯಾನೆಯನ್ನು ಮಾವುತ ಸಾಕಿದ ಕಥೆ ಕಟ್ಟಿದ್ದೆ. ‘ಸಾಕಿದ ಮೇಲೆ ಕಾಲಿಗೆ ಸರಪಳಿ ಯಾಕೆ ಟೀಚರ್?’ ಎಂದು ಒಬ್ಬ ಹುಡುಗ ಕೇಳಿದ. ಅಂದಿನಿಂದ ಇಂಥ ವಿಷಯಕ್ಕೆ ಪ್ರಾಣಿಗಳನ್ನು ತರುವುದನ್ನು ಬಿಟ್ಟುಬಿಟ್ಟೆ.

ಹೊಸನಗರದ ಪೋಷಕ ತಾಯಿ

ನಮ್ಮ ಮನೆಯಲ್ಲಿ ಒಂದು ಹೆಣ್ಣುಮಗು ಹದಿನಾಲ್ಕು ತಿಂಗಳು ಪೋಷಕತ್ವದಲ್ಲಿತ್ತು. ಆಗ ನನ್ನ ಸ್ವಂತ ಮಗನಿಗೆ ನಾನು ಹೇಳುತ್ತಿದ್ದದ್ದು ಕಾಲುಸಂಕದ, ಅಂದರೆ ಹಳ್ಳ ದಾಟುವ ಸಣ್ಣ ಕಾಲುಸೇತುವೆಯ ಕಥೆ. ಆಷಾಢದ ಮಳೆಗೆ ಹಳ್ಳ ಉಕ್ಕಿ, ಶಾಲೆಗೆಂದು ಈಚೆ ದಡಕ್ಕೆ ಬಂದಿದ್ದ ಹುಡುಗಿ ಇಲ್ಲಿರುವಾಗಲೇ ಸಂಕ ಕೊಚ್ಚಿಹೋಗುತ್ತದೆ. ಆಚೆ ದಡದಲ್ಲಿ ಅವಳ ಅಮ್ಮ ಇದ್ದಾಳೆ, ಅವಳಿಗೆ ಮಗಳ ಮೇಲೆ ಪ್ರೀತಿಯೂ ಇದೆ. ಆದರೆ ದಾಟಿಸಲು ಸಂಕವಿಲ್ಲ. ಈಚೆ ದಡದ ಮನೆಯವರು ಒದ್ದೆ ಲಂಗ ಬದಲಿಸಿ, ಒಲೆಯ ಮುಂದೆ ಕೂರಿಸಿ, ಬಿಸಿ ಗಂಜಿ ಬಡಿಸಿ, ಅವಳಿಗೆಂದೇ ಒಂದು ಹಾಸಿಗೆ ಹಾಸುತ್ತಾರೆ. ಊರಿನ ಹಿರಿಯರು ತಿಂಗಳಿಗೊಮ್ಮೆ ಬಂದು ಅವಳು ಹೇಗಿದ್ದಾಳೆ, ಮತ್ತೆ ಕಟ್ಟುತ್ತಿರುವ ಸಂಕ ಎಷ್ಟು ಗಟ್ಟಿಯಾಗಿದೆ ಎಂದು ನೋಡಿಕೊಂಡು ಹೋಗುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಆ ಹಿರಿಯರ ಹೆಸರು ಮಕ್ಕಳ ಕಲ್ಯಾಣ ಸಮಿತಿ. ಪೋಷಕ ಕುಟುಂಬವನ್ನು ಪ್ರತಿ ತಿಂಗಳೂ ಪರಿಶೀಲಿಸುವುದು ಅದರ ಹೊಣೆ.

ಈ ಕಥೆಯಲ್ಲಿ ತಪ್ಪೆಲ್ಲ ಮಳೆಯದು, ಯಾವ ಅಮ್ಮನದೂ ಅಲ್ಲ. ಆದರೆ ಸಂಕ ದೀಪಾವಳಿಗೆ ಮುಗಿಯುತ್ತದೆ ಎಂದು ಮಾತ್ರ ದಿನ ಹೇಳಬೇಡಿ. ನಾನು ಹೇಳಿದ್ದೆ. ದೀಪಾವಳಿಯ ದಿನ ಆ ಮಗು ಬೆಳಗಿನಿಂದಲೇ ತನ್ನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಜಗಲಿಯಲ್ಲಿ ಕುಳಿತಿತ್ತು.

ಇನ್ನೊಂದು ಮಾತು: ಹುಡುಗನ ಹಿನ್ನೆಲೆಯನ್ನು ಇಂಥ ಚರ್ಚೆಗಳಲ್ಲಿ ಇದಕ್ಕಿಂತ ಹೆಚ್ಚು ಬರೆಯಬೇಡಿ. ಅವನು ಯಾರೆಂದು ಗುರುತು ಸಿಗುವ ವಿವರ ಪ್ರಕಟಿಸುವುದಕ್ಕೆ ಕಾನೂನಿನ ತಡೆಯೂ ಇದೆ.

ಶಿವಮೊಗ್ಗ, ದತ್ತು ಮಗ

ಅಕ್ಕ, ನನಗೆ ಈಗ ನಲವತ್ತೊಂದು ವರ್ಷ. ನಾನು ದತ್ತು ಮಗನೆಂಬುದು ತಿಳಿದದ್ದು ಹದಿನಾಲ್ಕರಲ್ಲಿ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ದೂರದ ನೆಂಟರೊಬ್ಬರ ಬಾಯಿಂದ. ಎದುರಿನ ಎಲೆಯಲ್ಲಿ ಹೋಳಿಗೆ ಇತ್ತು ಎಂಬುದು ಇಂದಿಗೂ ನೆನಪಿದೆ. ಆದ್ದರಿಂದ ನೀವು ಹೇಳಲು ಹೊರಟಿರುವುದೇ ನನಗೆ ದೊಡ್ಡ ಸಮಾಧಾನ.

ಕಥೆಯನ್ನು ನಿಮ್ಮ ಹೊಸ್ತಿಲಿನಿಂದ ಆರಂಭಿಸಬೇಡಿ, ಹುಟ್ಟಿನಿಂದ ಆರಂಭಿಸಿ: ‘ಎಲ್ಲ ಮಕ್ಕಳಂತೆ ನೀನೂ ಒಬ್ಬ ತಾಯಿಯ ಹೊಟ್ಟೆಯಲ್ಲಿದ್ದೆ.’ ಅವಳನ್ನು ‘ಹೆತ್ತಮ್ಮ’ ಎನ್ನಿ. ‘ನಿಜವಾದ ಅಮ್ಮ’ ಎಂಬ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಿ. ಈಗಿನ ನಿಯಮಗಳಲ್ಲಿ ಹದಿನೆಂಟು ತುಂಬಿದ ಮೇಲೆ ನಿಮ್ಮ ಮಗಳೇ ತನ್ನ ಮೂಲವನ್ನು ತಿಳಿಯಲು ಅರ್ಜಿ ಹಾಕಬಹುದು. ನೀವು ಇಂದು ಕಟ್ಟಿದ ಸುಳ್ಳು ಆಗ ಅವಳ ಕೈಗೆ ಸಿಗುತ್ತದೆ. ‘ನಿನ್ನ ಪುಣ್ಯ, ಇಂಥ ಮನೆ ಸಿಕ್ಕಿತು’ ಎಂದು ನೆಂಟರು ಶುರುಮಾಡಿದರೆ ಅಲ್ಲಿಯೇ ತಡೆಯಿರಿ. ಆ ಋಣದ ಮಾತು ಕೇಳಿ ಕೇಳಿ ನಾನು ಅಪ್ಪನ ಬಳಿ ಒಂದು ಸೈಕಲ್ ಕೇಳಲೂ ಹಿಂಜರಿದೆ.

ಅವಳ ಭಯಕ್ಕೆ ಉತ್ತರ ಕಾನೂನಿನಲ್ಲೇ ಇದೆ. ದತ್ತು ಆದೇಶವಾದ ದಿನದಿಂದ ಅವಳು ಎಲ್ಲ ವಿಧದಲ್ಲೂ ನಿಮ್ಮ ಮಗಳು. ಆ ಕಾಗದವನ್ನು ಬೀರುವಿನಿಂದ ತೆಗೆದು ತೋರಿಸಿ, ಮೊಹರನ್ನು ಮುಟ್ಟಲು ಬಿಡಿ. ಐದು ವರ್ಷದವರಿಗೆ ಮೊಹರೆಂದರೆ ಭಾರಿ ಗೌರವ.

ತೀರ್ಥಹಳ್ಳಿಯ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಕದ ಕಥೆ ಹೇಳಿದೆ. ‘ನನ್ನ ಸಂಕ ಎಲ್ಲಿ?’ ಎಂದು ನಿರೀಕ್ಷಿಸಿದ ಪ್ರಶ್ನೆಯೇ ಬಂತು. ನಿನ್ನದು ಸಂಕದ ಕಥೆಯಲ್ಲ, ನಿನ್ನ ಮನೆ ಇದೇ ದಡದಲ್ಲಿದೆ ಎಂದು ಹೇಳಿ ಆದೇಶದ ಕಾಗದ ತೋರಿಸಿದೆ. ಅವಳು ಮೊಹರಿನ ಮೇಲೆ ಬೆರಳಾಡಿಸಿ, ಅದು ಯಾಕೆ ನೇರಳೆ ಬಣ್ಣ ಎಂದು ವಿಚಾರಿಸಿದಳು. ಆಮೇಲೆ, ಬರುವ ಹುಡುಗನಿಗೆ ಹಾಸಿಗೆ ಇದೆಯೋ ಇಲ್ಲವೋ ದೊಡ್ಡಮ್ಮನಿಗೆ ಫೋನ್ ಮಾಡಿ ಕೇಳಬೇಕೆಂದು ಹಠ ಹಿಡಿದಳು. ತನ್ನ ಎರಡು ಕಂಬಳಿಗಳಲ್ಲಿ ಹಳೆಯದನ್ನು ಅವನಿಗೆಂದು ತೆಗೆದಿಟ್ಟಿದ್ದಾಳೆ. ಹೊಸದನ್ನು ಮಾತ್ರ ಕೊಡುವುದಿಲ್ಲವಂತೆ.