ಕುದುರೆಯ ಕಾಲಿನ ಗಾಯ ಮಾಯುತ್ತಲೇ ಇಲ್ಲ, ಏನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮ ಹೆಣ್ಣು ಕುದುರೆಗೆ ಒಂಬತ್ತು ವರ್ಷ. ತಂತಿ ಬೇಲಿಗೆ ಸಿಕ್ಕಿಕೊಂಡು ಹಿಂಗಾಲಿನ ಮುಂಭಾಗದಲ್ಲಿ, ದೊಡ್ಡ ಕೀಲಿನ ಕೆಳಗೆ, ಅಂಗೈಯಗಲ ಚರ್ಮ ಕಿತ್ತುಹೋಗಿತ್ತು. ಎರಡು ತಿಂಗಳ ಮೇಲಾಯಿತು. ಮೊದಲು ಚೆನ್ನಾಗಿಯೇ ತುಂಬಿಕೊಂಡು ಬಂತು. ಈಗ ಕೆಂಪು ಮಾಂಸ ಚರ್ಮಕ್ಕಿಂತ ಮೇಲೆ ಉಬ್ಬಿದೆ. ಸ್ವಲ್ಪ ತಾಗಿದರೂ ರಕ್ತ ಬರುತ್ತದೆ. ಮುಲಾಮು ಬದಲಾಯಿಸಿ ಬದಲಾಯಿಸಿ ಸಾಕಾಯಿತು. ಮೈಲುತುತ್ತ ಹಚ್ಚಿ ಸುಟ್ಟುಬಿಡಿ ಅಂತ ಪರಿಚಯದವರು ಹೇಳುತ್ತಿದ್ದಾರೆ. ಹಚ್ಚಬಹುದಾ?

ಉತ್ತರ: ನಮಸ್ಕಾರ. ಮೈಲುತುತ್ತ ಖಂಡಿತ ಬೇಡ. ನೀವು ಹೇಳುತ್ತಿರುವುದು ದುರ್ಮಾಂಸ. ಮೈಲುತುತ್ತ ಅದನ್ನು ಸುಡುತ್ತದೆ, ನಿಜ. ಆದರೆ ಜೊತೆಗೆ ಹೊಸ ಚರ್ಮವನ್ನೂ ಸುಡುತ್ತದೆ.

ನಾಳೆ ಪಟ್ಟಿ ಬಿಚ್ಚಿದಾಗ ಒಳ್ಳೆಯ ಬೆಳಕಿನಲ್ಲಿ ಗಾಯದ ಅಂಚು ನೋಡಿ. ಕೂದಲಿರುವ ಚರ್ಮಕ್ಕೂ ಕೆಂಪು ಮಾಂಸಕ್ಕೂ ನಡುವೆ ತೆಳ್ಳಗಿನ, ಕೂದಲಿಲ್ಲದ, ಹೊಳೆಯುವ ಒಂದು ಗೆರೆ ಕಾಣಬೇಕು. ತಿಳಿ ಗುಲಾಬಿ, ಕೆಲವೊಮ್ಮೆ ನಸು ನೇರಳೆ. ಅದೇ ಹೊಸ ಚರ್ಮ. ನಾವು ಕಾಪಾಡಬೇಕಾದದ್ದು ಅದನ್ನೇ. ಕುದುರೆಯ ಕೆಳಗಾಲಿನಲ್ಲಿ ಅದು ಸುಮಾರು ಹತ್ತು ದಿನಕ್ಕೆ 1 ಮಿಲಿಮೀಟರ್ ಮಾತ್ರ ಮುಂದೆ ಬರುತ್ತದೆ. ಎದೆ, ಪಕ್ಕೆಯ ಗಾಯದಲ್ಲಿ ಇದರ ಎರಡರಷ್ಟು ವೇಗ. ಅದೂ ಅಲ್ಲದೆ ಅಲ್ಲಿ ಗಾಯದ ಬಾಯಿ ತಾನಾಗಿ ಕುಗ್ಗಿಕೊಂಡೇ ಬಹುಪಾಲು ಮುಚ್ಚಿಬಿಡುತ್ತದೆ. ಕೆಳಗಾಲಿನಲ್ಲಿ ಆ ಕುಗ್ಗುವಿಕೆ ತೀರಾ ಕಡಿಮೆ. ಅಲ್ಲಿ ಮಾಂಸಖಂಡವೇ ಇಲ್ಲ. ಎಲುಬು, ಟೆಂಡನ್ (ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಗಟ್ಟಿ ನಾರು), ಅದರ ಮೇಲೆ ಬಿಗಿಯಾದ ಚರ್ಮ, ಅಷ್ಟೇ. 8 ಸೆಂಟಿಮೀಟರ್ ಅಗಲದ ಗಾಯ ಬರೀ ಅಂಚಿನ ಚರ್ಮದಿಂದ ಮುಚ್ಚಬೇಕೆಂದರೆ ಒಂದು ವರ್ಷದ ಮೇಲೆ ಬೇಕು. ಹಾಗಾಗಿ ಎರಡು ತಿಂಗಳಿಗೆ ಮಾಯದಿದ್ದರೆ ಅದು ನಿಮ್ಮ ಆರೈಕೆಯ ಕೊರತೆ ಅಲ್ಲ.

ಆದರೆ ನಿಧಾನ ಆಗುವುದು ಬೇರೆ, ನಿಂತೇಹೋಗುವುದು ಬೇರೆ. ದುರ್ಮಾಂಸ ಗೋಡೆಯಂತೆ ಎದ್ದು ನಿಂತರೆ ಆ ತೆಳು ಅಂಚು ಅದನ್ನು ಹತ್ತಲಾರದು. ಅದನ್ನು ಚರ್ಮದ ಮಟ್ಟಕ್ಕೆ ಕತ್ತರಿಸಬೇಕು. ಅದರಲ್ಲಿ ನರಗಳಿಲ್ಲ, ಕುದುರೆಗೆ ನೋವಾಗುವುದಿಲ್ಲ. ರಕ್ತ ಮಾತ್ರ ಧಾರಾಳವಾಗಿ ಹರಿಯುತ್ತದೆ. ಆದ್ದರಿಂದ ಮನೆಯಲ್ಲಿ ಕೈ ಹಾಕಬೇಡಿ, ವೈದ್ಯರೇ ಮಾಡಬೇಕು. ಒಂದೇ ಸಲಕ್ಕೆ ಮುಗಿಯದೆಯೂ ಇರಬಹುದು. ಮಟ್ಟ ಮಾಡಿದ ಮೇಲೂ ಗಾಯ ದೊಡ್ಡದೇ ಅನ್ನಿಸಿದರೆ ಚರ್ಮದ ಕಸಿ ಮಾಡುತ್ತಾರೆ. ಕತ್ತಿನ ಮೇಲೆ, ಜೂಲಿನ ಅಡಿಯಿಂದ ಚಿಕ್ಕ ಚಿಕ್ಕ ತುಣುಕು ತೆಗೆದು ಗಾಯದಲ್ಲಿ ನೆಡುತ್ತಾರೆ. ಮಂಪರಿನ ಔಷಧ ಕೊಟ್ಟು ಕುದುರೆಯನ್ನು ನಿಲ್ಲಿಸಿಯೇ ಮಾಡಬಹುದು. ಅಂಗೈಯಗಲದ ಗಾಯಕ್ಕೆ ನಾನು ಈ ದಾರಿಯನ್ನೇ ಮೊದಲು ಯೋಚಿಸುತ್ತೇನೆ.

ಒಂದು ವಿಷಯ ಕೇಳಬೇಕು. ಗಾಯದಲ್ಲಿ ಎಲ್ಲಾದರೂ ಸಣ್ಣ ತೂತು ಇದೆಯಾ? ಕೀವು ನಿಂತು ಮತ್ತೆ ಶುರುವಾಗುತ್ತದೆಯಾ?

ಅದೇ ಸದಸ್ಯರು: ಹೌದು ಡಾಕ್ಟ್ರೇ, ಮಧ್ಯದಲ್ಲಿ ಒಂದು ತೂತಿದೆ. ಒಣಗಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಕೀವು. ಇಂಜೆಕ್ಷನ್ ಕೊಟ್ಟಾಗ ನಿಲ್ಲುತ್ತದೆ, ಕೋರ್ಸ್ ಮುಗಿದ ಮೇಲೆ ಅದೇ ಕಥೆ.

ಉತ್ತರ: ಹಾಗಾದರೆ ದುರ್ಮಾಂಸ ಕತ್ತರಿಸುವ ಮೊದಲು ಎಕ್ಸ್‌ರೇ ಆಗಲಿ. ಈ ಜಾಗದಲ್ಲಿ ಚರ್ಮದ ಕೆಳಗೆ ನೇರ ಎಲುಬು. ಗಾಯವಾದಾಗ ಎಲುಬಿನ ಮೇಲಿನ ಪೊರೆ ಕಿತ್ತು ಬಂದರೆ, ಮೇಲ್ಭಾಗ ಒಣಗಿ ಒಂದು ಚಕ್ಕೆ ಸಾಯುತ್ತದೆ. ಆ ಸತ್ತ ಚಕ್ಕೆಯನ್ನು ದೇಹ ಹೊರಗಿನ ವಸ್ತುವಿನ ಹಾಗೆಯೇ ತಳ್ಳಲು ನೋಡುತ್ತದೆ. ಅದಕ್ಕೇ ತೂತು, ಕೀವು. ಅದಕ್ಕೆ ರಕ್ತದ ಹರಿವೇ ಇಲ್ಲದ ಮೇಲೆ ಆಂಟಿಬಯಾಟಿಕ್ ಅಲ್ಲಿಗೆ ತಲುಪುವುದು ಹೇಗೆ? ನೀವು ಹೇಳಿದ "ಕೋರ್ಸ್ ಮುಗಿದ ಮೇಲೆ ಅದೇ ಕಥೆ" ಅನ್ನುವುದು ಇದರ ಲಕ್ಷಣವೇ.

ಗಾಯವಾದ ಹೊಸದರಲ್ಲಿ ಎಕ್ಸ್‌ರೇ ತೆಗೆಸಿ "ಏನೂ ಇಲ್ಲ" ಅಂದಿದ್ದರೆ ಅದನ್ನು ನೆಚ್ಚಿಕೊಳ್ಳಬೇಡಿ. ಸತ್ತ ಚಕ್ಕೆ ಬೇರ್ಪಟ್ಟು ಕಾಣಿಸಲು ಕೆಲವು ವಾರ ಬೇಕು. ಈಗ ತೆಗೆಸಿದರೆ ಕಾಣುತ್ತದೆ. ಇದ್ದರೆ ಶಸ್ತ್ರಚಿಕಿತ್ಸೆ ಮಾಡಿ ತೆಗೆಯುವುದೇ ಸರಿ. ತೆಗೆದ ಮೇಲೆ, ತಿಂಗಳುಗಟ್ಟಲೆ ಹಟ ಹಿಡಿದಿದ್ದ ಗಾಯ ದಾರಿಗೆ ಬರುತ್ತದೆ. ಚಕ್ಕೆ ಇಲ್ಲದಿದ್ದರೆ ಒಳಗೆ ತಂತಿಯ ಚೂರೋ ಮರದ ಸಿಬಿರೋ ಉಳಿದಿದೆಯಾ ಅಂತ ನೋಡಬೇಕು. ಮರದ ಸಿಬಿರು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಅದಕ್ಕೆ ಅಲ್ಟ್ರಾಸೌಂಡ್ ಬೇಕು. ನೊಣ ಜಾಸ್ತಿ ಇರುವ ಕಾಲದಲ್ಲಿ ನೊಣ ತಂದು ಬಿಡುವ ಹುಳುಗಳೂ ಗಾಯವನ್ನು ಮಾಯಗೊಡುವುದಿಲ್ಲ. ಆಗ ಹಳದಿ ಬಣ್ಣದ ಗಟ್ಟಿ ಕಾಳುಗಳು ಕಾಣುತ್ತವೆ. ಏನೂ ಸಿಗದಿದ್ದರೆ ದುರ್ಮಾಂಸದ ಒಂದು ತುಣುಕನ್ನು ಪರೀಕ್ಷೆಗೆ ಕಳಿಸಲು ಹೇಳಿ. ಸಾರ್ಕಾಯ್ಡ್ ಅನ್ನುವ ಚರ್ಮದ ಗೆಡ್ಡೆ ಕೂಡ ನೋಡಲು ಹೀಗೆಯೇ ಇರುತ್ತದೆ. ಕಾರಣ ಗೊತ್ತಾಗದೆ ಮುಲಾಮು ಬದಲಾಯಿಸುತ್ತಾ ಹೋದರೆ ದಿನ ಕಳೆಯುತ್ತದೆ, ಗಾಯ ಹಾಗೇ ಇರುತ್ತದೆ.

ಧನುರ್ವಾಯು ಲಸಿಕೆ ಆಗಿದೆ ತಾನೇ? ಸಾಕುಪ್ರಾಣಿಗಳಲ್ಲಿ ಕುದುರೆಗೆ ಅದರ ಅಪಾಯ ತುಂಬಾ ಜಾಸ್ತಿ. ಆಗಿಲ್ಲದಿದ್ದರೆ ಇವತ್ತೇ ವೈದ್ಯರಿಗೆ ಹೇಳಿ.

ಅದೇ ಸದಸ್ಯರು: ಲಸಿಕೆ ಆಗಿದೆ. ಎಕ್ಸ್‌ರೇಗೆ ಹೇಳಿದ್ದೇನೆ. ಅಲ್ಲಿಯವರೆಗೆ ಯಾವುದರಿಂದ ತೊಳೆಯಲಿ? ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಎರಡೂ ಇವೆ.

ಉತ್ತರ: ಎರಡನ್ನೂ ಪಕ್ಕಕ್ಕಿಡಿ. ಕೀಟಾಣುವಿನ ಜೊತೆ ಹೊಸ ಜೀವಕೋಶಗಳೂ ಸಾಯುತ್ತವೆ. 1 ಲೀಟರ್ ನೀರು ಕುದಿಸಿ, 9 ಗ್ರಾಂ ಉಪ್ಪು ಕರಗಿಸಿ, ಆರಿಸಿ, ಅದರಿಂದ ಮೆಲ್ಲಗೆ ತೊಳೆಯಿರಿ. ಉಜ್ಜಬೇಡಿ.

ಪಟ್ಟಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಗಾಯಕ್ಕೆ ತಾಗುವ ಪದರ ಅಂಟಿಕೊಳ್ಳದ ಡ್ರೆಸ್ಸಿಂಗ್ ಆಗಿರಲಿ. ಅದರ ಮೇಲೆ ಹತ್ತಿ ದಪ್ಪಗೆ. ಆಮೇಲೆ ಬ್ಯಾಂಡೇಜ್. ಗಾಯದ ಮೇಲಷ್ಟೇ ಬಿಗಿದರೆ ಅದರ ಕೆಳಗೆ ಕಾಲು ಊದಿಕೊಳ್ಳುತ್ತದೆ. ಗೊರಸಿನ ಹತ್ತಿರದಿಂದ ಕೀಲಿನ ಕೆಳಗಿನವರೆಗೂ ಒಂದೇ ಹದದ ಬಿಗಿಯಲ್ಲಿ ಸುತ್ತಿ. ಹತ್ತಿ ತೆಳ್ಳಗಾಗಿ ಬ್ಯಾಂಡೇಜ್ ಬಿಗಿಯಾದರೆ ಹಿಂಭಾಗದ ಟೆಂಡನ್ ಜಖಂ ಆಗುತ್ತದೆ, ಹೊಸ ತೊಂದರೆ ತಂದುಕೊಂಡ ಹಾಗೆ. ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸಿದರೆ ಸಾಕು. ಆದರೆ ನೆನೆದರೆ ಅಥವಾ ಜಾರಿದರೆ ತಕ್ಷಣ ಬಿಚ್ಚಿ. ವಾರಕ್ಕೊಮ್ಮೆ ಗಾಯದ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ಗೊತ್ತಾಗುವುದಿಲ್ಲ, ಫೋಟೋದಲ್ಲಿ ಗೊತ್ತಾಗುತ್ತದೆ.

ಇನ್ನೊಬ್ಬ ಸದಸ್ಯರು: ಡಾಕ್ಟ್ರೇ, ನಮ್ಮದು ಬೇರೆ ಕೇಸ್. ಮುಂಗಾಲಿನ ಹಿಂಭಾಗದ ಟೆಂಡನ್ ಹರಿದಿತ್ತು. ಮೂರು ತಿಂಗಳು ಲಾಯದಲ್ಲೇ ಇಟ್ಟಿದ್ದೆವು. ಈಗ ಊತ ಇಲ್ಲ, ಕುಂಟುವುದೂ ಇಲ್ಲ. ಸವಾರಿ ಶುರು ಮಾಡಬಹುದಲ್ವಾ?

ಉತ್ತರ: ಬೇಡ ಸರ್, ದಯವಿಟ್ಟು ಬೇಡ. ಕುದುರೆ ಮತ್ತೆ ಕುಂಟಿಕೊಂಡು ಬರುವುದು ಈ ಹಂತದಲ್ಲೇ. ನೋವು ಹೋಗಲು ಕೆಲವೇ ವಾರ ಸಾಕು, ಟೆಂಡನ್ ಗಟ್ಟಿಯಾಗಲು 9ರಿಂದ 12 ತಿಂಗಳು ಬೇಕು. ಹರಿದ ಜಾಗದಲ್ಲಿ ಮೊದಲು ತುಂಬಿಕೊಳ್ಳುವ ನಾರುಗಳು ಅಡ್ಡಾದಿಡ್ಡಿ ಇರುತ್ತವೆ. ಅವು ಕಾಲಿನ ಉದ್ದಕ್ಕೆ ಸಾಲಾಗಬೇಕಾದರೆ ಹದವಾದ ಎಳೆತ ಬೇಕು. ಸುಮ್ನೆ ಕಟ್ಟಿಹಾಕಿದರೆ ಆ ಎಳೆತ ಸಿಗುವುದಿಲ್ಲ. ಬಯಲಿಗೆ ಬಿಟ್ಟರೆ ಒಂದೇ ಓಟಕ್ಕೆ ಮತ್ತೆ ಹರಿಯುತ್ತದೆ.

ಮೊದಲು ಅಲ್ಟ್ರಾಸೌಂಡ್ ಮಾಡಿಸಿ. ಚೆನ್ನಾಗಿದ್ದರೆ ಹಗ್ಗ ಹಿಡಿದು ಗಟ್ಟಿ ನೆಲದ ಮೇಲೆ ಐದು ಹತ್ತು ನಿಮಿಷ ನಡೆಸಿ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಟ್ರಾಟ್ (ನಿಧಾನದ ಓಟ) ಶುರು ಮಾಡುವ ಮುಂಚೆ ಇನ್ನೊಂದು ಸ್ಕ್ಯಾನ್. ಆಮೇಲೂ ಕೆಲಸದ ಭಾರ ಏರಿಸುವಾಗಲೆಲ್ಲ ಸ್ಕ್ಯಾನ್ ನೋಡಿಯೇ ಮುಂದುವರಿಯಿರಿ. ಅಂಗೈಯಿಂದ ಎರಡೂ ಮುಂಗಾಲಿನ ಟೆಂಡನ್ ದಿನಾ ಮುಟ್ಟಿ ನೋಡಿ. ಒಂದು ಇನ್ನೊಂದಕ್ಕಿಂತ ಬಿಸಿ ಅನ್ನಿಸಿದರೆ ಆ ದಿನ ನಡೆಸಬೇಡಿ, ವೈದ್ಯರಿಗೆ ಫೋನ್ ಮಾಡಿ.

ಅದೇ ಸದಸ್ಯರು (ಮೊದಲ ಪ್ರಶ್ನೆಯವರು): ಇನ್ನೊಂದೇ ಪ್ರಶ್ನೆ. ಲಾಯದಲ್ಲೇ ಇರುವಾಗ ಮೇವು ಹೇಗೆ? ಮತ್ತೆ ಯಾವುದಕ್ಕೆ ಗಾಬರಿ ಆಗಬೇಕು?

ಉತ್ತರ: ಕೆಲಸವಿಲ್ಲದ ಕುದುರೆಗೆ ಕಾಳು ಕಡಿಮೆ ಮಾಡಿ, ಆದರೆ ಒಮ್ಮೆಲೇ ಅಲ್ಲ, ವಾರದಿಂದ ಹತ್ತು ದಿನದಲ್ಲಿ. ಒಳ್ಳೆಯ ಒಣಹುಲ್ಲು ಸದಾ ಇರಲಿ, ನೀರು ಎಷ್ಟು ಕುಡಿಯುತ್ತಿದೆ ಗಮನಿಸಿ. ಓಡಾಟವಿಲ್ಲದೆ ಒಣ ಮೇವು ಕರುಳಿನಲ್ಲಿ ಗಟ್ಟಿಯಾಗಿ ಹೊಟ್ಟೆಶೂಲೆ ಬರಬಹುದು. ಲದ್ದಿ ಕಡಿಮೆಯಾದರೆ ಅದೇ ಮೊದಲ ಸೂಚನೆ.

ಇನ್ನು ಗಾಬರಿಯ ವಿಷಯ. ನೋಯುವ ಕಾಲಿಗಿಂತ ನನಗೆ ಅದರ ಪಕ್ಕದ ಒಳ್ಳೆಯ ಹಿಂಗಾಲಿನದ್ದೇ ಹೆದರಿಕೆ. ವಾರಗಟ್ಟಲೆ ಇಡೀ ಭಾರ ಒಂದೇ ಕಾಲಿನ ಮೇಲೆ ಬಿದ್ದರೆ ಗೊರಸಿನೊಳಗಿನ ಹಿಡಿತ ಸಡಿಲವಾಗುತ್ತದೆ. ಲ್ಯಾಮಿನೈಟಿಸ್ ಅನ್ನುವುದು ಇದಕ್ಕೇ. ಇದು ಜೀವಕ್ಕೇ ಕುತ್ತು ತರಬಹುದು. ಹಾಸು ದಪ್ಪಗೆ, ಮೆತ್ತಗೆ ಹಾಕಿ. ಒಳ್ಳೆಯ ಕಾಲಿನ ಗೊರಸು ಬಿಸಿ ಇದ್ದರೆ, ಗೊರಸಿನ ಮೇಲಿನ ನಾಡಿ ಜೋರಾಗಿ ಬಡಿಯುತ್ತಿದ್ದರೆ, ಆ ಕಾಲನ್ನೂ ಎತ್ತಿ ಎತ್ತಿ ಇಡುತ್ತಿದ್ದರೆ ತಡ ಮಾಡಬೇಡಿ. ನೋವಿನ ಔಷಧವನ್ನು ನೀವಾಗಿ ನಿಲ್ಲಿಸಬೇಡಿ, ಏರಿಸಲೂ ಬೇಡಿ. ಜಾಸ್ತಿಯಾದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ.

ಜ್ವರ ದಿನಾ ನೋಡಿ. 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ತಿಳಿಸಿ. ನಿನ್ನೆ ಕಾಲೂರುತ್ತಿದ್ದ ಕುದುರೆ ಇವತ್ತು ಊರುತ್ತಲೇ ಇಲ್ಲ ಅಂದರೆ, ಅಥವಾ ಕೀಲಿನ ಹತ್ತಿರದಿಂದ ಹಳದಿ ಬಣ್ಣದ, ಎಳೆಯೆಳೆಯಾದ ಅಂಟು ದ್ರವ ಬಂದರೆ, ಕೀಲಿಗೆ ಸೋಂಕು ಇಳಿದಿರಬಹುದು. ರಾತ್ರಿಯಾಗಿದ್ದರೂ ವೈದ್ಯರನ್ನು ಕರೆಸಿ, ಬೆಳಗಾಗಲಿ ಅಂತ ಕಾಯಬೇಡಿ. ಎಕ್ಸ್‌ರೇ ಬಂದ ಮೇಲೆ ಇಲ್ಲಿ ಹಾಕಿ, ನೋಡುತ್ತೇನೆ.