ಹೊಸ ಕ್ಲಚ್ ಪ್ಲೇಟ್ ಹಾಕಿಸಿದರೂ ಗಾಡಿ ಜಾರುತ್ತಿದೆ, ಮತ್ತೆ ದುಡ್ಡು ಹಾಕಲಾ?

ಪ್ರಶ್ನೆ (ಬಳ್ಳಾರಿಯಿಂದ): ಅಣ್ಣ, ನಮಸ್ಕಾರ. ನನ್ನದು 125 ಸಿಸಿ ಗಾಡಿ, 58 ಸಾವಿರ ಕಿ.ಮೀ. ಓಡಿದೆ. ಹೊಲಿಗೆ ಮನೆಗಳಿಂದ ಜೀನ್ಸ್ ಬಂಡಲ್ ಕಟ್ಟಿಕೊಂಡು ವಾಷಿಂಗ್‌ಗೆ ಹಾಕುವುದು ನನ್ನ ಕೆಲಸ. ಹದಿನೈದು ದಿನದ ಹಿಂದೆ ಕ್ಲಚ್ ಪ್ಲೇಟ್ ಬದಲಾಯಿಸಿದೆ. ಎರಡು ದಿನ ಚೆನ್ನಾಗಿತ್ತು. ಈಗ ಹಿಂದೆ ಬಂಡಲ್ ಇಟ್ಟು ಮೇಲ್ಸೇತುವೆ ಏರಿದರೆ ಇಂಜಿನ್ ಒದರುತ್ತದೆ, ಗಾಡಿ ಮಾತ್ರ ಮುಂದೆ ಹೋಗಲ್ಲ. ಸುಟ್ಟ ವಾಸನೆ ಬೇರೆ. ಹಾಕಿದವರು ‘ಪ್ಲೇಟ್ ಡೂಪ್ಲಿಕೇಟ್ ಇರಬೇಕು, ಇನ್ನೊಂದು ಸೆಟ್ ತಗೊಂಡು ಬಾ’ ಅಂತಾರೆ. ತರಲಾ?

ಮೆಕ್ಯಾನಿಕ್: ಈಗಲೇ ಜೇಬಿಗೆ ಕೈ ಹಾಕಬೇಡ ತಮ್ಮಾ. ಡೂಪ್ಲಿಕೇಟ್ ಇರಬಹುದು, ಇಲ್ಲ ಅನ್ನಲ್ಲ. ಆದರೆ ಕವರ್ ಬಿಚ್ಚುವ ಮೊದಲು ಖರ್ಚಿಲ್ಲದೆ ನೋಡುವಂಥವು ಎರಡಿವೆ.

ಒಂದು, ಕ್ಲಚ್ ವೈರ್. ಹಿಡಿಯ ತುದಿಯನ್ನು ಒಂದು ಬೆರಳಲ್ಲಿ ಮೆಲ್ಲಗೆ ಎಳೆ. ಬಿಗಿ ಸಿಗುವ ಮೊದಲು ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಸಡಿಲ ಆಡಬೇಕು. ನಿನ್ನ ಗಾಡಿಯ ಬುಕ್ಕಿನಲ್ಲಿ ಅಳತೆ ಇರುತ್ತದೆ, ಅದೇ ಸರಿ. ಸಡಿಲ ಇಲ್ಲ ಅಂದರೆ, ನೀನು ಹಿಡಿ ಮುಟ್ಟದಿದ್ದರೂ ವೈರ್ ಕ್ಲಚ್ಚನ್ನು ಚೂರು ಎಳೆದೇ ಇಟ್ಟಿರುತ್ತದೆ. ಸ್ಪ್ರಿಂಗ್ ಪೂರ್ತಿ ಅದುಮುವುದಿಲ್ಲ, ಪ್ಲೇಟ್ ಜಾರುತ್ತದೆ. ಪ್ಲೇಟ್ ಬದಲಾದ ಮೇಲೆ ವೈರ್ ಹೊಸದಾಗಿ ಸೆಟ್ ಮಾಡಲೇಬೇಕು. ಕ್ಲಚ್ ‘ಟಕ್’ ಅಂತ ಬಿಡಲಿ ಅಂತ ಕೆಲವರು ಸುಮ್ನೆ ಬಿಗಿದುಬಿಡುತ್ತಾರೆ. ಇಂಜಿನ್ ತಣ್ಣಗಿದ್ದಾಗ ಒಮ್ಮೆ, ಬಿಸಿಯಾದಾಗ ಒಮ್ಮೆ ನೋಡು. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿಯೂ ನೋಡು.

ಎರಡು, ಆಯಿಲ್. ಪ್ಲೇಟ್ ಬದಲಾಯಿಸಿದಾಗ ಯಾವ ಆಯಿಲ್ ಹಾಕಿದರು? ಡಬ್ಬಿಯ ಹಿಂದೆ ‘ಜಾಸೊ’ (JASO, ಬೈಕ್-ಸ್ಕೂಟರ್ ಆಯಿಲ್‌ನ ಜಪಾನಿ ಗುಣಮಟ್ಟದ ಗುರುತು) ಅಂತ ಬರೆದಿರುತ್ತದೆ, ಅದರ ಪಕ್ಕದ ಅಕ್ಷರ ಹೇಳು.

ಪ್ರಶ್ನೆ ಕೇಳಿದವರು: ಅಣ್ಣ, ಹಿಡಿ ಮುಟ್ಟಿದ ಕೂಡಲೇ ಬಿಗಿ. ಸಡಿಲವೇ ಇಲ್ಲ! ಅಡ್ಜಸ್ಟರ್ ತಿರುಗಿಸಿ ಸುಮಾರು 15 ಮಿ.ಮೀ. ಮಾಡಿದೆ. ಸ್ವಲ್ಪ ಪರವಾಗಿಲ್ಲ, ಭಾರ ಇದ್ದರೆ ಈಗಲೂ ಜಾರುತ್ತದೆ. ಡಬ್ಬಿ ಮನೆಯಲ್ಲೇ ಇತ್ತು. ಜಾಸೊ ಎಂಬಿ ಅಂತಿದೆ.

ಮೆಕ್ಯಾನಿಕ್: ಸಿಕ್ಕಿತಲ್ಲ! ಎಂಬಿ ಗೇರ್ ಇಲ್ಲದ ಸ್ಕೂಟರ್‌ಗೆ. ಅದರ ಕ್ಲಚ್ ಇಂಜಿನ್ ಆಯಿಲ್‌ನಲ್ಲಿ ಮುಳುಗಿರುವುದಿಲ್ಲ, ಆಯಿಲ್ ಎಷ್ಟು ಜಾರಿದರೂ ನಡೆಯುತ್ತದೆ. ನಿನ್ನ ಗಾಡಿಯ ಪ್ಲೇಟ್ ಇಂಜಿನ್ ಆಯಿಲ್‌ನಲ್ಲಿ ನೆನೆದುಕೊಂಡೇ ಹಿಡಿಯಬೇಕು. ಎಂಎ ಅಥವಾ ಎಂಎ2 ಬೇಕು. ಡಬ್ಬಿಯ ಮೇಲೆ ಬೈಕಿನ ಚಿತ್ರ ಇದೆ ಅಂತ ನಂಬಬೇಡ, ಅಕ್ಷರ ಓದು.

ಇನ್ನೊಬ್ಬರು (ತೋರಣಗಲ್ಲು): ನಾನು ಕಾರಿಗೆ ಉಳಿದ ಸಿಂಥೆಟಿಕ್ ಆಯಿಲನ್ನೇ ಬೈಕಿಗೆ ಹಾಕುತ್ತೇನೆ. ದುಬಾರಿ ಆಯಿಲ್, ಒಳ್ಳೇದೇ ಅಲ್ವಾ ಸಾರ್?

ಮೆಕ್ಯಾನಿಕ್: ಕಾರಿಗೆ ಒಳ್ಳೇದು ಸಾರ್. ಮೈಲೇಜ್ ಬರಲಿ ಅಂತ ಎಷ್ಟೋ ಕಾರ್ ಆಯಿಲ್‌ಗೆ ಉಜ್ಜಾಟ ಕಡಿಮೆ ಮಾಡುವ ಮದ್ದು ಬೆರೆಸಿರುತ್ತಾರೆ. ಬೈಕಿನ ಕ್ಲಚ್ ನಡೆಯುವುದೇ ಉಜ್ಜಾಟದ ಮೇಲೆ. ಸಿಂಥೆಟಿಕ್ ಇರಲಿ, ಮಿನರಲ್ ಇರಲಿ, ಜಾಸೊ ಎಂಎ ಇದ್ದರೆ ಹಾಕಿ.

ತಮ್ಮಾ, ಆಯಿಲ್ ಬದಲಾಯಿಸಿ ಖಾಲಿ ರಸ್ತೆಯಲ್ಲಿ ಟಾಪ್ ಗೇರ್‌ನಲ್ಲಿ 40ಕ್ಕೆ ಬಂದು ಪೂರ್ತಿ ಎಕ್ಸಲೇಟರ್ ಕೊಡು. ಸೌಂಡ್ ಏರಿ ಸ್ಪೀಡ್ ಏರದಿದ್ದರೆ ಕವರ್ ಬಿಚ್ಚಲೇಬೇಕು. ಎದುರಿಗೇ ನಿಂತು ಬಿಚ್ಚಿಸು, ಕ್ಲಚ್ ಪ್ಲೇಟ್‌ಗಳ ನಡುವೆ ಕೂರುವ ಸ್ಟೀಲ್ ಪ್ಲೇಟ್‌ಗಳ ಫೋಟೋ ಕಳಿಸು.

ಪ್ರಶ್ನೆ ಕೇಳಿದವರು: ಅಣ್ಣ, ಆಯಿಲ್ ಹಾಕಿದೆ, ಆದರೂ ಜಾರಿತು. ಇವತ್ತು ಬಿಚ್ಚಿಸಿದೆ. ಹೊಸ ಪ್ಲೇಟ್ ಕರಕಲಾಗಿಲ್ಲ, ಮೇಲೆ ಚೂರು ಮಿನುಗು ಬಂದಿದೆ. ಸ್ಟೀಲ್ ಪ್ಲೇಟ್ ನೀಲಿ ನೀಲಿ ಆಗಿವೆ, ಫೋಟೋ ನೋಡಿ. ಅವು ಹಳೆಯವೇ ಅಂತೆ. ಸ್ಪ್ರಿಂಗೂ ಹಳೆಯವೇ.

ಮೆಕ್ಯಾನಿಕ್: ಅರ್ಧ ಕೆಲಸ ಮಾಡಿ ಕಳಿಸಿದ್ದಾರೆ. ನೀಲಿ ಬಣ್ಣ ಅಂದರೆ ಕಾದು ಕಾದು ಸುಟ್ಟಿದೆ. ಒಂದನ್ನು ಗಾಜಿನ ಮೇಲೆ ಇಟ್ಟು ಅಂಚು ಒತ್ತಿದರೆ ಅಲ್ಲಾಡುತ್ತದಾ ನೋಡು. ಅಲ್ಲಾಡಿದರೆ ಬಾಗಿದೆ, ಬಿಸಾಕು. ಹೊಸ ಸ್ಪ್ರಿಂಗ್ ಪಕ್ಕ ಹಳೆಯದನ್ನು ನಿಲ್ಲಿಸು, ಗಿಡ್ಡ ಕಂಡರೆ ನಾಲ್ಕೂ ಒಟ್ಟಿಗೇ ಬದಲಾಯಿಸು. ನಾನಾದರೆ ಗಿಡ್ಡ ಕಾಣದಿದ್ದರೂ ಬದಲಾಯಿಸುತ್ತೇನೆ, 58 ಸಾವಿರ ಓಡಿದೆ.

ಮಿನುಗಿದ ಪ್ಲೇಟ್ ಮತ್ತೆ ಬಳಸಬೇಡ. ಹೊಸದನ್ನು ಎಂಎ ಆಯಿಲ್‌ನಲ್ಲಿ ನೆನೆಹಾಕು, ನಾನು ಹಿಂದಿನ ರಾತ್ರಿಯೇ ನೆನೆಹಾಕಿಡುತ್ತೇನೆ. ಒಣ ಪ್ಲೇಟ್ ಹಾಕಿದರೆ ಶುರುವಿನಲ್ಲೇ ಸುಡಬಹುದು. ಪ್ಲೇಟ್‌ಗಳನ್ನು ಅದುಮಿ ಹಿಡಿಯುವ ಪ್ರೆಶರ್ ಪ್ಲೇಟ್ ಹಲ್ಲಿಗೆ ಹಲ್ಲು ಕೂತಿದೆಯಾ ಅಂತ ಕೈಯಲ್ಲಿ ಒತ್ತಿ ನೋಡಿಯೇ ಬೋಲ್ಟ್ ಹಾಕಲಿ. ಬೋಲ್ಟ್‌ಗಳನ್ನು ಎದುರು-ಬದುರು ಬಿಗಿಯಬೇಕು, ಸುತ್ತಲೂ ಸಾಲಾಗಿ ಅಲ್ಲ.

ಪ್ರಶ್ನೆ ಕೇಳಿದವರು: ಒಂದು ಸ್ಪ್ರಿಂಗ್ ಹೊಸದಕ್ಕಿಂತ ಉಗುರಿನಷ್ಟು ಗಿಡ್ಡ ಇತ್ತು ಅಣ್ಣ! ಎಲ್ಲಾ ಹಾಕಿಸಿದೆ. ನಿನ್ನೆ ನಾಲ್ಕು ಬಂಡಲ್ ಕಟ್ಟಿಕೊಂಡು ಸೇತುವೆ ಏರಿಸಿದೆ, ಜಾರಲಿಲ್ಲ.

ಮೆಕ್ಯಾನಿಕ್: ನಾಲ್ಕು ಬಂಡಲ್ ಈಗಲೇ ಬೇಡ. ಒಂದು ವಾರ ಎರಡೇ ಕಟ್ಟು. ಅರ್ಧ ಕ್ಲಚ್ ಹಿಡಿದು ಸೇತುವೆ ಮೇಲೆ ನಿಲ್ಲಿಸಬೇಡ, ಬ್ರೇಕ್ ಹಿಡಿ. ವಾರ ಕಳೆದ ಮೇಲೆ ವೈರಿನ ಸಡಿಲ ಇನ್ನೊಮ್ಮೆ ಅಳೆ.