ಅಮ್ಮನ ತಲೆಗೆ ಹಚ್ಚಿದ ಡೈ ಕಾಡಿಗೆ ಕಪ್ಪಾಗಿದೆ, ಮನೆಯಲ್ಲೇ ತೆಗೆಯಲು ಏನಾದ್ರೂ ದಾರಿ ಉಂಟಾ?

ಬದಿಯಡ್ಕದವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಉಂಟು, ಗೊತ್ತಿದ್ದವರು ದಯವಿಟ್ಟು ಹೇಳಿ.

ಅಮ್ಮನಿಗೆ ಅರುವತ್ತರ ಹತ್ತಿರ ವಯಸ್ಸು. ಇಷ್ಟು ವರ್ಷ ಹಿತ್ತಿಲಿನ ಮದರಂಗಿ ಸೊಪ್ಪನ್ನೇ ಅರೆದು ಹಚ್ಚಿಕೊಳ್ಳುತ್ತಿದ್ದರು. ಬಿಳಿ ಕೂದಲೆಲ್ಲ ಕೆಂಚಗೆ ಕಾಣುತ್ತಿತ್ತು, ಅವರಿಗೂ ಅದು ಒಪ್ಪುತ್ತಿತ್ತು. ಮುಂದಿನ ವಾರ ತಮ್ಮನ ಮನೆ ಒಕ್ಕಲು (ಗೃಹಪ್ರವೇಶ). ಅದಕ್ಕೆ ಅಂತ ಚಿಕ್ಕಮ್ಮ ಪೇಟೆಯಿಂದ ಒಂದು ಪ್ಯಾಕೆಟ್ ತಂದು, ಇದು ಚಂದದ ಕಂದು ಬಣ್ಣ ಬರ್ತದೆ, ಮದರಂಗಿ ತರಹವೇ ಅಂತ ಹೇಳಿ ನಿನ್ನೆ ಮಧ್ಯಾಹ್ನ ಅಮ್ಮನ ತಲೆಗೆ ಮೆತ್ತಿಬಿಟ್ಟರು. ತೊಳೆದು ನೋಡಿದರೆ ಕಾಡಿಗೆ ಕಪ್ಪು! ಹಣೆಯ ಅಂಚಿಗೆ, ಕಿವಿಯ ಮೇಲೆ ಕಪ್ಪು ಗೆರೆ ಬೇರೆ. ಅಪ್ಪ ಪೇಪರ್ ಅಡ್ಡ ಹಿಡಿದು ನಗುತ್ತಿದ್ದಾರೆ, ಅದನ್ನು ನೋಡಿ ಅಮ್ಮನಿಗೆ ಇನ್ನೂ ಸಿಟ್ಟು.

ಮೊಬೈಲಲ್ಲಿ ಹುಡುಕಿದರೆ ಒಬ್ಬೊಬ್ಬರದ್ದು ಒಂದೊಂದು ಮದ್ದು. ಅಡುಗೆ ಸೋಡಾ ಅಂತಾರೆ, ಲಿಂಬೆಹುಳಿ ಅಂತಾರೆ, ಪಾತ್ರೆ ತೊಳೆಯುವ ಲಿಕ್ವಿಡ್, ಟೂತ್‌ಪೇಸ್ಟ್, ವಿಟಮಿನ್ ಸಿ ಮಾತ್ರೆ. ಬಾವಿಗೆ ಹಾಕಲಿಕ್ಕೆ ತಂದ ಬ್ಲೀಚಿಂಗ್ ಪೌಡರ್ ಉಳಿದದ್ದು ಉಂಟಲ್ಲ, ಅದನ್ನೇ ತೆಳ್ಳಗೆ ಕಲಸಿ ಹಾಕಿದರೆ ಆಗಲಿಕ್ಕಿಲ್ವಾ ಅಂತ ತಮ್ಮನ ಪ್ರಶ್ನೆ. ಅಮ್ಮನ ಕೂದಲು ಸೊಂಟದವರೆಗೆ ಉಂಟು. ಬಣ್ಣ ಹೋಗದಿದ್ದರೂ ಅಡ್ಡಿಯಿಲ್ಲ, ಕೂದಲು ಹೋಗಬಾರದು. ಯಾವುದು ಮಾಡಬಹುದು, ಯಾವುದು ಬೇಡ?

ಕುಂಬಳೆ ಪಾರ್ಲರ್ ಅಕ್ಕ

ಮೊದಲು ಆ ಬ್ಲೀಚಿಂಗ್ ಪೌಡರ್ ಡಬ್ಬ ತಮ್ಮನ ಕೈಗೆ ಸಿಗದ ಹಾಗೆ ಎತ್ತಿಡಿ. ಪಾರ್ಲರಿನಲ್ಲಿ ನಾವು ಬ್ಲೀಚ್ ಅನ್ನುವುದೇ ಬೇರೆ, ಬಾವಿಗೆ ಹಾಕುವುದೇ ಬೇರೆ.

ಇನ್ನು ವಿಷಯ. ಪ್ಯಾಕೆಟ್ ಎಸೆದಿಲ್ಲ ತಾನೇ? ಅದನ್ನು ನೋಡದೆ ಯಾರು ಏನು ಹೇಳಿದರೂ ಅಂದಾಜು ಮಾತ್ರ. ತಾತ್ಕಾಲಿಕ ಬಣ್ಣ ಆದರೆ ಕೂದಲಿನ ಮೇಲೆ ಕೂತಿರುತ್ತದೆ, ಕೆಲವು ಸಲ ಶಾಂಪೂ ಹಾಕಿದರೆ ತಾನಾಗಿ ಹೋಗುತ್ತದೆ. ಎರಡು ಬಾಟಲಿ ಅಥವಾ ಎರಡು ಟ್ಯೂಬ್ ಬೆರೆಸಿ ಹಚ್ಚುವಂಥದ್ದಾದರೆ ಪರ್ಮನೆಂಟ್, ಅದು ಕೂದಲಿನ ಒಳಗೆ ಹೋಗಿ ಕೂರುತ್ತದೆ. ನೀರಲ್ಲಿ ಕಲಸುವ ಪುಡಿ ಆದರೆ ಇನ್ನೊಂದು ಕತೆ, ಅದನ್ನು ಆಮೇಲೆ ಹೇಳುತ್ತೇನೆ.

ಮನೆಯಲ್ಲಿ ಮಾಡುವ ಪೈಕಿ ಸ್ವಲ್ಪವಾದರೂ ಫಲ ಕೊಡುವುದು ವಿಟಮಿನ್ ಸಿ. 500 ಮಿಲಿಗ್ರಾಂನ 15-20 ಮಾತ್ರೆ ನುಣ್ಣಗೆ ಪುಡಿ ಮಾಡಿ. ಸಿಹಿ ಹಾಕಿದ ಕೇಸರಿ ಬಣ್ಣದ ಚೀಪುವ ಮಾತ್ರೆ ಬೇಡ, ತಲೆಯೆಲ್ಲ ಅಂಟಂಟು ಆಗುತ್ತದೆ. ತಲೆಹೊಟ್ಟಿಗೆ ಹಾಕುವ ಶಾಂಪೂ ಬರ್ತದಲ್ಲ, ಅದರಲ್ಲಿ ಕಲಸಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಒದ್ದೆ ಕೂದಲಿಗೆ ಬುಡ ಬಿಟ್ಟು ಉದ್ದಕ್ಕೆ ಹಚ್ಚಿ, ಪ್ಲಾಸ್ಟಿಕ್ ಕವರ್ ಕಟ್ಟಿ ಅರ್ಧ ಗಂಟೆ, ಜಾಸ್ತಿ ಅಂದರೆ ಒಂದು ಗಂಟೆ. ಕಣ್ಣಿಗೆ ಹೋಗಬಾರದು. ಆಮೇಲೆ ಚೆನ್ನಾಗಿ ತೊಳೆದು ಕಂಡೀಷನರ್ ಹಾಕಲೇಬೇಕು. ಡೈ ಹಚ್ಚಿದ ಎರಡು ಮೂರು ದಿನದೊಳಗೆ ಮಾಡಿದರೆ ಫಲ ಜಾಸ್ತಿ, ತಿಂಗಳು ಕಳೆದ ಬಣ್ಣಕ್ಕೆ ಸುಮ್ನೆ ಮಾತ್ರೆ ದಂಡ. ಕಡುಕಪ್ಪು ಇದ್ದದ್ದು ಒಂದು ಮೆಟ್ಟಿಲು ಇಳಿಯಬಹುದು ಅಷ್ಟೆ, ಮೊದಲಿನ ಹಾಗೆ ಆಗುವುದಿಲ್ಲ. ತಲೆಯಲ್ಲಿ ಉರಿ, ಗಾಯ ಏನಾದರೂ ಇದ್ದರೆ ಇದು ಬೇಡವೇ ಬೇಡ.

ತೋಟದ ಮನೆ

ಮಗಳೇ, ಅಷ್ಟೆಲ್ಲ ಮಾತ್ರೆ ಜಜ್ಜುವ ಮೊದಲು ಎಣ್ಣೆ ನೋಡು. ಮನೆಯ ತೆಂಗಿನೆಣ್ಣೆ ಉಗುರು ಬೆಚ್ಚಗೆ ಮಾಡಿ ಬುಡದಿಂದ ತುದಿಯವರೆಗೆ ಧಾರಾಳ ಹಾಕಿ ತಿಕ್ಕು. ಒಂದೆರಡು ಗಂಟೆ ಬಿಡು. ಆಮೇಲೆ ಅಂಟುವಾಳ ನೆನೆಸಿದ ನೀರಲ್ಲಿ ಮೀಯಿಸು. ಅಂಟುವಾಳ ಇಲ್ಲದಿದ್ದರೆ ಸೀಗೆ ಪುಡಿ ಆದರೂ ಸರಿ. ಕೊನೆಗೆ ದಾಸವಾಳದ ಸೊಪ್ಪಿನ ಗೊಂಪು ಹಾಕಿದರೆ ಕೂದಲು ಮೆತ್ತಗಾಗುತ್ತದೆ. ಒಂದೇ ಸಲಕ್ಕೆ ಹೋಗಲಿಕ್ಕಿಲ್ಲ, ದಿನ ಬಿಟ್ಟು ದಿನ ಮಾಡಬೇಕು.

ಹಣೆಯ ಕಲೆಗೂ ಅದೇ ಎಣ್ಣೆ. ಹತ್ತಿಯಲ್ಲಿ ಅದ್ದಿ ಐದು ನಿಮಿಷ ಇಟ್ಟು ಮೆಲ್ಲ ಒರೆಸು. ನಮ್ಮ ಯಜಮಾನರು ಹವ್ಯಾಸಕ್ಕೆ ಯಕ್ಷಗಾನದಲ್ಲಿ ವೇಷ ಮಾಡುತ್ತಿದ್ದವರು. ಆಟ ಮುಗಿದು ಬೆಳಗಿನ ಜಾವ ಮುಖದ ಬಣ್ಣ ತೆಗೆಯಲು ಚೌಕಿಯಲ್ಲಿ (ಬಣ್ಣದ ಕೋಣೆಯಲ್ಲಿ) ಎಲ್ಲರೂ ಹಚ್ಚುತ್ತಿದ್ದದ್ದು ಇದನ್ನೇ. ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಕಲೆಗಿಂತ ಮೊದಲು ಚರ್ಮ ಹೋಗುತ್ತದೆ.

ಉಪ್ಪಳದಿಂದ

ನನ್ನ ಸಲಹೆ: ಚಿಕ್ಕಮ್ಮನಿಗೂ ಅದೇ ಪ್ಯಾಕೆಟ್ ಹಚ್ಚಿ. ಇಬ್ಬರು ಕಪ್ಪಾದರೆ ಯಾರೂ ಮಾತಾಡುವುದಿಲ್ಲ, ಮನೆತನದ ಕೂದಲೇ ಹಾಗೆ ಅಂದುಕೊಳ್ಳುತ್ತಾರೆ 😄

ಕೆಮಿಸ್ಟ್ರಿ ಮಾಷ್

ತಮಾಷೆ ಇರಲಿ. ಕಾರಣ ಗೊತ್ತಾದರೆ ಯಾವ ಮದ್ದು ಕೆಲಸ ಮಾಡುತ್ತದೆ, ಯಾವುದು ಬರೀ ಬೊಗಳೆ ಅಂತ ನಿಮಗೇ ಹೊಳೆಯುತ್ತದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಪರ್ಮನೆಂಟ್ ಡೈಯಲ್ಲಿ ಬಣ್ಣ ರೆಡಿಯಾಗಿ ಇರುವುದಿಲ್ಲ. ಅದರಲ್ಲಿರುವುದು ಪಿಪಿಡಿ (ಪಿ-ಫಿನೈಲಿನ್‌ಡೈಅಮೀನ್) ಮುಂತಾದ ಚಿಕ್ಕ ಚಿಕ್ಕ, ಬಣ್ಣವೇ ಇಲ್ಲದ ಅಣುಗಳು. ಅಮೋನಿಯಾದಂಥ ಕ್ಷಾರ ಕೂದಲಿನ ಹೊರಗಿನ ಪದರದ ಚಿಪ್ಪುಗಳನ್ನು ಬಿಡಿಸುತ್ತದೆ, ಈ ಅಣುಗಳು ಒಳಗೆ ಹೋಗುತ್ತವೆ, ಅಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ಒಂದಕ್ಕೊಂದು ಕೂಡಿಕೊಂಡು ದೊಡ್ಡ ಬಣ್ಣದ ಅಣುಗಳಾಗುತ್ತವೆ. ಬಾಟಲಿಯೊಳಗೆ ಮಿಡಿ ಬಿಟ್ಟು ಬೆಳೆಸಿದ ಸೌತೆಕಾಯಿ ಹಾಗೆ, ಹೋಗುವಾಗ ಸಣ್ಣದು, ಬೆಳೆದ ಮೇಲೆ ಬಾಯಲ್ಲಿ ಹೊರಗೆ ಬರುವುದಿಲ್ಲ. ಶಾಂಪೂ, ಸೀಗೆ, ಅಂಟುವಾಳ ಎಲ್ಲ ಮೇಲಿನದ್ದನ್ನು ತೊಳೆಯುತ್ತವೆ, ಒಳಗಿನದ್ದನ್ನು ಅಲ್ಲ. ಪೆರಾಕ್ಸೈಡ್ ಹೀಗೆ ಬಣ್ಣ ಕೂಡಿಸುವುದಕ್ಕೆ ಆಕ್ಸಿಡೇಷನ್ ಅನ್ನುತ್ತಾರೆ, ವಿಟಮಿನ್ ಸಿ ಅದಕ್ಕೆ ವಿರುದ್ಧ ಕೆಲಸ ಮಾಡುವಂಥದ್ದು. ಹಾಗಾಗಿ ಹೊಸ ಬಣ್ಣ ಸ್ವಲ್ಪ ಸಡಿಲವಾಗುತ್ತದೆ. ಸಡಿಲವಾದದ್ದನ್ನು ಜಾಸ್ತಿ ನೀರಲ್ಲಿ ತೊಳೆದು ಹೊರಗೆ ಹಾಕದಿದ್ದರೆ ಗಾಳಿ ತಾಗಿ ಮತ್ತೆ ಕಪ್ಪಾಗಬಹುದು.

ಮದರಂಗಿ ಹೀಗಲ್ಲ. ಅದರ ಲಾಸೋನ್ ಅನ್ನುವ ಬಣ್ಣ ಕೂದಲಿನ ಕೆರಾಟಿನ್ ಅನ್ನುವ ಪ್ರೊಟೀನಿಗೇ ಅಂಟಿಕೊಳ್ಳುತ್ತದೆ. ನಿಮ್ಮ ಅಮ್ಮನ ಹಳೆಯ ಕೆಂಚು ಯಾವ ಮಾತ್ರೆಗೂ ಹೋಗುವುದಿಲ್ಲ. ನಿಮಗೆ ಅದೇ ಬೇಕು, ಅಲ್ವಾ? ಒಳ್ಳೆಯದೇ ಆಯಿತು.

ಅಡುಗೆ ಸೋಡಾ ಕ್ಷಾರ. ಕೂದಲಿಗೆ ಒಗ್ಗುವುದು ಸ್ವಲ್ಪ ಹುಳಿ ಗುಣ. ಸೋಡಾ ಹಾಕಿದರೆ ಚಿಪ್ಪು ಬಿಡಿಸಿಕೊಂಡು ಒಂದಷ್ಟು ಬಣ್ಣ ಹೋಗುತ್ತದೆ ನಿಜ, ಆದರೆ ಕೂದಲು ಒರಟಾಗಿ ತುಂಡಾಗುತ್ತದೆ. ಸೊಂಟದವರೆಗಿನ ಕೂದಲಿನ ತುದಿ ಎಷ್ಟೋ ವರ್ಷ ಹಳೆಯದು, ಅದಕ್ಕೆ ಈ ಶಿಕ್ಷೆ ಬೇಡ. ಕೆಲವರು ಸೋಡಾಕ್ಕೆ ಲಿಂಬೆ ಹಿಂಡುತ್ತಾರೆ, ನೊರೆ ಬಂದದ್ದು ನೋಡಿ ಖುಷಿಪಡುತ್ತಾರೆ. ಹುಳಿ ಮತ್ತು ಕ್ಷಾರ ಒಂದನ್ನೊಂದು ಕೊಂದುಕೊಂಡದ್ದು ಅದು, ಆಮೇಲೆ ಉಳಿಯುವುದು ಉಪ್ಪಿನ ನೀರು. ಬರೀ ಲಿಂಬೆ ಹಚ್ಚಿ ಬಿಸಿಲಲ್ಲಿ ಕೂರಿಸುವುದಂತೂ ಅಪಾಯ. ಲಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಗುಳ್ಳೆ ಏಳಬಹುದು, ಆ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಬ್ಲೀಚಿಂಗ್ ಪೌಡರ್ ಕೂದಲಿನ ಪ್ರೊಟೀನನ್ನೇ ಕರಗಿಸುತ್ತದೆ. ಅದಕ್ಕೆ ವಿನೆಗರ್ ಅಥವಾ ಲಿಂಬೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಬಾಗಿಲು ಹಾಕಿದ ಬಚ್ಚಲಲ್ಲಿ ಅದು ಉಸಿರಿಗೇ ಕುತ್ತು. ತಮ್ಮನಿಗೆ ಇದನ್ನು ಓದಿಸಿ.

ತೋಟದ ಮನೆ

ಮಾಷ್ಟ್ರೇ, ಒಳಗಿನದ್ದು ಎಣ್ಣೆಗೆ ಹೋಗುವುದಿಲ್ಲ ಅಂತೀರಿ. ಹಾಗಾದರೆ ಎಣ್ಣೆ ಹಾಕಿ ಮಿಂದಾಗ ಟವೆಲಿಗೆ ಕಪ್ಪು ಹತ್ತುವುದು ಎಂತಕ್ಕೆ?

ಕೆಮಿಸ್ಟ್ರಿ ಮಾಷ್

ಒಳ್ಳೆ ಪ್ರಶ್ನೆ ಅಕ್ಕಾ. ಮೊದಲ ಕೆಲವು ಸಲ ಹಾಗೆ ಬರುವುದು ಒಳಗೆ ಹೋಗದೆ ಮೇಲೆಯೇ ಉಳಿದ ಬಣ್ಣ. ಅದಿಷ್ಟು ಹೋದರೂ ಕಣ್ಣಿಗೆ ಕಪ್ಪು ಕಡಿಮೆ ಅನಿಸುತ್ತದೆ, ಹಾಗಾಗಿ ನಿಮ್ಮ ಮಾತೂ ಸುಳ್ಳಲ್ಲ. ತೆಂಗಿನೆಣ್ಣೆಯಿಂದ ಇನ್ನೊಂದು ಲಾಭ ಉಂಟು. ಅದು ಕೂದಲಿನ ಒಳಗೂ ಇಳಿಯುತ್ತದೆ, ತೊಳೆಯುವಾಗ ಪ್ರೊಟೀನ್ ಸವೆಯುವುದನ್ನು ಕಡಿಮೆ ಮಾಡುತ್ತದೆ. ಈ ವಿಷಯದಲ್ಲಿ ಸೂರ್ಯಕಾಂತಿ ಎಣ್ಣೆಗಿಂತ ಅದು ಮೇಲು ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ವಿಟಮಿನ್ ಸಿ ಮಾಡುವುದಿದ್ದರೂ ಹಿಂದಿನ ರಾತ್ರಿ ಎಣ್ಣೆ ಹಾಕಿ ಮಲಗುವುದು ಒಳ್ಳೆಯದು.

ಬದಿಯಡ್ಕದವಳು

ತುಂಬಾ ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಕಸದ ಬುಟ್ಟಿಯಿಂದ ಪ್ಯಾಕೆಟ್ ಹೆಕ್ಕಿದೆ. ಹೊರಗೆ ದೊಡ್ಡದಾಗಿ ಮದರಂಗಿ ಎಲೆಯ ಚಿತ್ರ, ಬ್ಲ್ಯಾಕ್ ಹೆನ್ನಾ ಅಂತ ಬರೆದಿದೆ. ನೀರಲ್ಲಿ ಕಲಸುವ ಪುಡಿ. ಹಿಂದೆ ಸಣ್ಣ ಅಕ್ಷರದಲ್ಲಿ ಪಿ-ಫಿನೈಲಿನ್‌ಡೈಅಮೀನ್ ಅಂತ ಉಂಟು, ಮಾಷ್ಟ್ರು ಹೇಳಿದ್ದು ಅದೇ ಅಲ್ವಾ?

ಇನ್ನೊಂದು ವಿಷಯ. ಇವತ್ತು ಬೆಳಗ್ಗಿನಿಂದ ಅಮ್ಮನಿಗೆ ಕಿವಿಯ ಹಿಂದೆ ತುರಿಕೆ. ಕುತ್ತಿಗೆಯ ಹತ್ತಿರ ಸ್ವಲ್ಪ ಕೆಂಪಗಾಗಿದೆ. ಸೆಖೆಗೆ ಇರಬೇಕು ಅಂತಾರೆ ಅವರು. ಮಾತ್ರೆ ತಂದಾಗಿದೆ, ಪುಡಿ ಮಾಡಿ ಹಚ್ಚಲಾ?

ಕುಂಬಳೆ ಪಾರ್ಲರ್ ಅಕ್ಕ

ಹಚ್ಚಬೇಡಿ! ನಾನು ಆಮೇಲೆ ಹೇಳುತ್ತೇನೆ ಅಂದದ್ದು ಇದನ್ನೇ. ಬರೀ ಮದರಂಗಿಗೆ ಕೆಂಪು-ಕಿತ್ತಳೆ ಬಣ್ಣ ಬಿಟ್ಟು ಕಪ್ಪು ಬರುವುದೇ ಇಲ್ಲ. ಅರ್ಧ ಗಂಟೆಯಲ್ಲಿ ಕಡುಕಪ್ಪು ಬಂತು ಅಂದರೆ ಅದರಲ್ಲಿ ಡೈ ಸೇರಿಸಿದ್ದಾರೆ ಅಂತಲೇ ಲೆಕ್ಕ. ಎಲೆಯ ಚಿತ್ರ ನೋಡಿ ಜನ ಮೋಸ ಹೋಗುತ್ತಾರೆ, ಮದರಂಗಿ ತಾನೇ ಅಂತ ಚರ್ಮಕ್ಕೆ ಸ್ವಲ್ಪ ಹಚ್ಚಿ ಟೆಸ್ಟ್ ಕೂಡ ಮಾಡುವುದಿಲ್ಲ.

ನರ್ಸ್, ಮುಳ್ಳೇರಿಯ

ಬದಿಯಡ್ಕದವರೇ, ಇದು ಸೆಖೆ ಅಲ್ಲ ಅಂತ ನನಗನಿಸುತ್ತದೆ. ಪಿಪಿಡಿ ಅಲರ್ಜಿ ಹಚ್ಚಿದ ಕೂಡಲೇ ಕಾಣಬೇಕೆಂದಿಲ್ಲ, ಒಂದು ದಿನ, ಎರಡು ದಿನ, ಮೂರನೇ ದಿನಕ್ಕೂ ಶುರುವಾಗುತ್ತದೆ. ಹೆಚ್ಚಾಗಿ ಕಾಣುವುದು ಕಿವಿಯ ಹಿಂದೆ, ಕುತ್ತಿಗೆ, ಹಣೆಯ ಅಂಚು, ಕಣ್ಣಿನ ರೆಪ್ಪೆ. ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2006ರಲ್ಲಿ ಇದನ್ನು ಆ ವರ್ಷದ ಅಲರ್ಜಿಕಾರಕ ಅಂತಲೇ ಸಾರಿತ್ತು, ಅಷ್ಟು ಜನರಿಗೆ ಇದರಿಂದ ತೊಂದರೆ.

ಈಗ ಮಾಡಬೇಕಾದ್ದು: ತಣ್ಣೀರಲ್ಲಿ ಅಥವಾ ಉಗುರು ಬೆಚ್ಚಗಿನ ನೀರಲ್ಲಿ, ಮಕ್ಕಳಿಗೆ ಹಾಕುವಂಥ ಮೆದು ಶಾಂಪೂ ಹಾಕಿ, ಉಜ್ಜದೆ ಚೆನ್ನಾಗಿ ತೊಳೆಯಿರಿ. ಬಣ್ಣ ತೆಗೆಯುವ ಯೋಚನೆ ಸದ್ಯ ಬಿಡಿ. ವಿಟಮಿನ್ ಸಿ ಅಂದರೆ ಹುಳಿ, ಕೆಂಪಾದ ಚರ್ಮಕ್ಕೆ ಉರಿ ಜಾಸ್ತಿ ಮಾಡುತ್ತದೆ. ಸೋಡಾ, ಅಂಟುವಾಳ, ಸೀಗೆ ಕೂಡ ಬೇಡ. ಇವತ್ತೇ ಡಾಕ್ಟರಿಗೆ ತೋರಿಸಿ, ಪ್ಯಾಕೆಟನ್ನೂ ಹಿಡಿದುಕೊಂಡು ಹೋಗಿ. ಚರ್ಮದ ಡಾಕ್ಟರ್ ಕಾಸರಗೋಡಿನಲ್ಲೇ ಸಿಗುತ್ತಾರೆ, ಮಂಗಳೂರಿಗೆ ಓಡಬೇಕಾಗಿಲ್ಲ. ಮುಖ ಊದಿದರೆ, ಕಣ್ಣು ಮುಚ್ಚಿಕೊಂಡರೆ, ಉಸಿರಾಟಕ್ಕೆ ಕಷ್ಟ ಆದರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಕರೆದುಕೊಂಡು ಹೋಗಿ.

ಒಮ್ಮೆ ಈ ಅಲರ್ಜಿ ಬಂದರೆ ಮತ್ತೆ ಬಿಡುವುದಿಲ್ಲ, ಇನ್ನೊಮ್ಮೆ ಹಚ್ಚಿದರೆ ಮೊದಲಿಗಿಂತ ಜೋರಾಗಿ ಬರುತ್ತದೆ. ಅಮ್ಮನಿಗೆ ಇದನ್ನು ಸರಿಯಾಗಿ ಹೇಳಿ. ಚಿಕ್ಕಮ್ಮನಿಗೂ.

ಉಪ್ಪಳದಿಂದ

ಚಿಕ್ಕಮ್ಮನಿಗೆ ಹಚ್ಚಿ ಅಂದದ್ದು ವಾಪಸ್ ತಗೊಂಡೆ. ಬೇಗ ಗುಣ ಆಗಲಿ.

ಬದಿಯಡ್ಕದವಳು

ಡಾಕ್ಟರಿಗೆ ತೋರಿಸಿ ಬಂದೆವು. ನರ್ಸ್ ಅಕ್ಕ ಹೇಳಿದ ಹಾಗೇ ಆಯಿತು, ಅಲರ್ಜಿಯೇ ಅಂತೆ. ಹಚ್ಚಲಿಕ್ಕೆ ಒಂದು ಮುಲಾಮು, ನುಂಗಲಿಕ್ಕೆ ಮಾತ್ರೆ ಕೊಟ್ಟಿದ್ದಾರೆ. ತುರಿಕೆ ಈಗ ಕಡಿಮೆ ಉಂಟು. ಹಣೆಯ ಕಲೆ ಎಣ್ಣೆಗೆ ಹೋಯಿತು, ಅಲ್ಲಿ ಚರ್ಮ ಕೆಂಪಾಗಿರಲಿಲ್ಲ, ಹಾಗಾಗಿ ಡಾಕ್ಟರನ್ನು ಕೇಳಿಯೇ ಹಚ್ಚಿದ್ದು. ಕೂದಲು ಮಾತ್ರ ಹಾಗೇ ಕಪ್ಪು. ಒಕ್ಕಲಿಗೆ ಹೀಗೇ ಹೋಗುವುದು ಅಂತ ಅಮ್ಮನೇ ಹೇಳಿದ್ದಾರೆ. ತುರುಬು ಕಟ್ಟಿ ಮಲ್ಲಿಗೆ ಸುತ್ತಿದರೆ ಯಾರು ನೋಡ್ತಾರೆ ಅಂತ.

ಇನ್ನು ಬುಡದಲ್ಲಿ ಬಿಳಿ ಕಾಣಿಸಿದಾಗ ಏನು ಮಾಡುವುದು? ಮೊದಲಿನ ಹಾಗೆ ಮದರಂಗಿ ಹಚ್ಚಬಹುದಾ, ಇಲ್ಲ ಅದೂ ಬಂದ್ ಮಾಡಬೇಕಾ?

ಕುಂಬಳೆ ಪಾರ್ಲರ್ ಅಕ್ಕ

ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಬೆಳೆಯುತ್ತದೆ. ಹಾಗಾಗಿ ಒಂದೆರಡು ತಿಂಗಳಲ್ಲಿ ಬೈತಲೆಯ ಹತ್ತಿರ ಬಿಳಿ ಗೆರೆ ಚೆನ್ನಾಗಿಯೇ ಕಾಣುತ್ತದೆ. ಅಮ್ಮ ಒಪ್ಪಿದರೆ ತುದಿಯಿಂದ ನಾಲ್ಕು ಬೆರಳು ಕತ್ತರಿಸಿ, ಕಪ್ಪು ಅಷ್ಟು ಬೇಗ ಕಡಿಮೆಯಾಗುತ್ತದೆ. ಪಾರ್ಲರಿಗೆ ಹೋಗಿ ಬ್ಲೀಚ್ ಮಾಡಿಸುವ ಯೋಚನೆ ಈಗ ಬೇಡ. ಇಂಥ ಪುಡಿಗಳಲ್ಲಿ ಲೋಹದ ಉಪ್ಪು ಇರುವುದುಂಟು, ಅದರ ಮೇಲೆ ಬ್ಲೀಚಿನ ಪೆರಾಕ್ಸೈಡ್ ಬಿದ್ದರೆ ಕೂದಲು ಬಿಸಿಯಾಗಿ ಹಾಳಾಗುತ್ತದೆ.

ನರ್ಸ್, ಮುಳ್ಳೇರಿಯ

ಮದರಂಗಿ ಬಂದ್ ಮಾಡಬೇಕೆಂದಿಲ್ಲ. ಚರ್ಮ ಪೂರ್ತಿ ಗುಣವಾಗಲಿ, ಮುಲಾಮು ನಿಲ್ಲಿಸಿ ಕೆಲವು ವಾರ ಕಳೆಯಲಿ. ಆಮೇಲೆ ಹಿತ್ತಿಲಿನ ಸೊಪ್ಪನ್ನೇ ಅರೆದು ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ 48 ಗಂಟೆ ನೋಡಿ, ಏನೂ ಆಗದಿದ್ದರೆ ತಲೆಗೆ ಹಚ್ಚಬಹುದು. ಅಂಗಡಿಯ ಪುಡಿ ತರುವುದಿದ್ದರೆ ಹಿಂದಿನ ಸಣ್ಣ ಅಕ್ಷರ ಓದಿಯೇ ತನ್ನಿ. ಮದುವೆ ಮನೆಯಲ್ಲಿ ಕೈಗೆ ಬಿಡಿಸುವ ಕಪ್ಪು ಕೋನ್ ಬರ್ತದಲ್ಲ, ಅದರಲ್ಲೂ ಪಿಪಿಡಿ ಇರುವುದುಂಟು, ಅಮ್ಮ ಅದಕ್ಕೆ ಕೈ ಕೊಡಬಾರದು.

ತೋಟದ ಮನೆ

ಬಣ್ಣ ಸ್ವಲ್ಪ ಗಾಢ ಬೇಕಿದ್ದರೆ ಸೊಪ್ಪು ಅರೆದದ್ದನ್ನು ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ಇಡು ಮಗಳೇ, ಚಹಾದ ಕಣ್ಣು (ಡಿಕಾಕ್ಷನ್) ಕೂಡ ಸೇರಿಸಬಹುದು. ಕಪ್ಪಾಗುವುದಿಲ್ಲ, ಕಂದು ಬರುತ್ತದೆ. ಚಿಕ್ಕಮ್ಮ ಹೇಳಿದ ಬಣ್ಣ ಅದೇ ಅಲ್ವಾ?